ಮೈಕ್ ಮೇಲೆ ಹೆಸರಿದೆ, ಒಳಗೇನಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ಭಜನಾ ಮಂಡಳಿ. ಹಬ್ಬಕ್ಕೆ ಮುಂಚೆ ಆನ್‌ಲೈನ್‌ನಲ್ಲಿ 2,200 ರೂಪಾಯಿ ಕೊಟ್ಟು ಶ್ಯೂರ್ ಎಸ್‌ಎಂ58 ಮೈಕ್ ತರಿಸಿದೆವು. ಪೆಟ್ಟಿಗೆ, ಚೀಲ, ಕೇಬಲ್ ಎಲ್ಲ ಬಂದಿದೆ. ಆದರೆ ಊರಿನ ಮೈಕ್‌ಸೆಟ್‌ನವರು ಕೈಗೆ ತೆಗೆದುಕೊಂಡ ಕೂಡಲೇ ‘ಇದು ಡೂಪ್ಲಿಕೇಟ್’ ಅಂದುಬಿಟ್ಟರು. ಅವರಿಗೆ ಬಾಡಿಗೆ ತಪ್ಪಿತಲ್ಲ ಅನ್ನೋ ಹೊಟ್ಟೆಕಿಚ್ಚೋ, ಇಲ್ಲಾ ನಿಜವೋ?
– ಒಬ್ಬ ಓದುಗರು, ಸಾಗರ

ಉತ್ತರ: ಮೈಕ್‌ಸೆಟ್‌ನವರನ್ನು ಸುಮ್ನೆ ಅನುಮಾನಿಸಬೇಡಿ. ನೀವು ಬೆಲೆ ಬರೆದಾಗಲೇ ಅರ್ಧ ಉತ್ತರ ಸಿಕ್ಕಿತು. ಈ ಮೈಕ್‌ಗೆ ಅಮೆರಿಕದಲ್ಲೇ ಸುಮಾರು 100 ಡಾಲರ್ ಇದೆ. ಅದು ಹಡಗು ಹತ್ತಿ, ಸುಂಕ ಕಟ್ಟಿ, ಜಿಎಸ್‌ಟಿ ಸೇರಿ, ಅಂಗಡಿಯವನ ಲಾಭವನ್ನೂ ಹೊತ್ತು ನಿಮ್ಮ ಮನೆಗೆ 2,200ಕ್ಕೆ ಬರೋದಕ್ಕೆ ಸಾಧ್ಯವೇ ಇಲ್ಲ. ‘ಹಬ್ಬದ ಆಫರ್’, ‘ಹಳೇ ಸ್ಟಾಕ್ ಖಾಲಿ’ ಅಂತ ಏನೇ ಬರೆದಿರಲಿ. ಹೊಸ ಮಾಲು ಅಂತ ಹೇಳಿ ಕಾಲು ಬೆಲೆಗೆ ಮಾರುತ್ತಿದ್ದರೆ ಮುಂದಿನ ಪರೀಕ್ಷೆಗಳ ಅಗತ್ಯವೇ ಬೀಳುವುದಿಲ್ಲ.

ಆದರೂ ಮಾರಾಟಗಾರನ ಜೊತೆ ವಾದ ಮಾಡೋದಕ್ಕೆ ನಿಮಗೆ ಪುರಾವೆ ಬೇಕಲ್ವಾ, ಅದಕ್ಕೆ ಹೇಳ್ತೀನಿ. ಎಸ್‌ಎಂ58 ಬಂದಿದ್ದು 1966ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ರೂಪ ಹೆಚ್ಚೇನೂ ಬದಲಾಗಿಲ್ಲ, ಪ್ರಪಂಚದ ಯಾವ ವೇದಿಕೆಗೆ ಹೋದರೂ ಅದೇ ಉಂಡೆ ತಲೆ, ಅದೇ ಬೂದು ಹಿಡಿ. ನಕಲು ಮಾಡುವವರಿಗೆ ಇದಕ್ಕಿಂತ ಸಲೀಸಾದ ಮಾಲು ಇನ್ನೊಂದಿಲ್ಲ. ಹೊರಗಿನ ಅಚ್ಚು ಒಮ್ಮೆ ಮಾಡಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ. ಹಾಗಾಗಿ ಹೊರಗಿನ ನೋಟವನ್ನು ಜಾಸ್ತಿ ನಂಬಬೇಡಿ. ಅಕ್ಷರ ದಪ್ಪಗಿದೆ, ಬಣ್ಣ ಬೇರೆ ಇದೆ ಅಂತ ಫೋಟೋ ಇಟ್ಟುಕೊಂಡು ಹೋಲಿಸುವವರು ಬಹಳ ಜನ ಇದ್ದಾರೆ. ಅವರ ವಿಡಿಯೋಗಳನ್ನು ನಕಲು ಮಾಡುವವರೂ ನೋಡ್ತಾರೆ, ಮುಂದಿನ ಸರಕಿನಲ್ಲಿ ತಿದ್ದಿಕೊಳ್ತಾರೆ.

ಮೊದಲು ತೂಕ ನೋಡಿ. ಅಸಲಿ ಮೈಕ್ 298 ಗ್ರಾಂ ಇರುತ್ತದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತುಂಬ ಕಮ್ಮಿ ಬಂದರೆ ಮಾತು ಮುಗಿಯಿತು. ಸರಿ ಬಂದರೆ ಮಾತ್ರ ಏನೂ ಖಾತ್ರಿಯಾಗಲಿಲ್ಲ, ಯಾಕೆಂದರೆ ಹಿಡಿಯೊಳಗೆ ಒಂದು ಕಬ್ಬಿಣದ ತುಂಡು ತುರುಕಿ ತೂಕ ಸರಿಮಾಡಿದ ಮಾಲೂ ಬರುತ್ತದೆ.

ಆಮೇಲೆ ಪೆಟ್ಟಿಗೆ. ಅದರ ಮೇಲೆ ಎಸ್‌ಎಂ58-ಎಲ್‌ಸಿ ಅಂತ ಇದೆಯಾ ನೋಡಿ. ಎಲ್‌ಸಿ ಅಂದರೆ ಕೇಬಲ್ ಇಲ್ಲದ ಮಾದರಿ. ಹೊರಗೆ ಎಲ್‌ಸಿ ಅಂತ ಬರೆದು ಒಳಗೆ ಒಂದು ಸಪೂರ ಕೇಬಲ್ ‘ಫ್ರೀ’ ಅಂತ ಇಟ್ಟಿದ್ದರೆ ಅದು ಕಂಪನಿಯ ಔದಾರ್ಯ ಅಲ್ಲ! ಇನ್ನೊಂದು, ನಮ್ಮ ದೇಶದ್ದೇ ಪರೀಕ್ಷೆ. ಹೊರದೇಶದಿಂದ ತರಿಸಿ ಪೆಟ್ಟಿಗೆಯಲ್ಲಿ ಮಾರುವ ಯಾವ ವಸ್ತುವಿನ ಮೇಲಾದರೂ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ, ತಯಾರಾದ ದೇಶ, ದೂರು ಕೊಡಬೇಕಾದ ಫೋನ್ ನಂಬರ್ ಇರಲೇಬೇಕು ಅಂತ ತೂಕ-ಅಳತೆ ಇಲಾಖೆಯ ನಿಯಮ ಇದೆ. ಅಸಲಿ ಪೆಟ್ಟಿಗೆಗೆ ಈ ಚೀಟಿ ಅಂಟಿಸಿರುತ್ತಾರೆ. ಕಳ್ಳಮಾಲಿನವರು ಪೆಟ್ಟಿಗೆಯ ಚಿತ್ರ ಚೆನ್ನಾಗಿ ನಕಲು ಮಾಡ್ತಾರೆ, ಈ ಚೀಟಿಯ ತಂಟೆಗೆ ಹೋಗುವುದು ಕಡಿಮೆ.

ಇನ್ನು ಒಳಗೆ. ಮೇಲಿನ ಜಾಲರಿಯ ಉಂಡೆಯನ್ನು ತಿರುಗಿಸಿ ಬಿಚ್ಚಿ. ಭಯ ಬೇಡ, ಒಳಗಿನ ಸ್ಪಂಜು ತೊಳೆಯೋದಕ್ಕೆ ಎಲ್ಲರೂ ಬಿಚ್ಚುತ್ತಾರೆ. ಕೆಳಗೆ ಕಾಣುವುದೇ ಕ್ಯಾಪ್ಸೂಲ್, ಧ್ವನಿ ಹಿಡಿಯುವ ಭಾಗ. ಅದರ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅಸಲಿಯಲ್ಲಿ ಸ್ವಲ್ಪ ಬಳುಕಿ ವಾಪಸ್ ಬರುತ್ತದೆ. ಹಾಡುವವರ ಕೈ ಹಿಡಿಯ ಮೇಲೆ ಆಡಿದ ಸದ್ದು ಧ್ವನಿಗೆ ಸೇರಬಾರದು ಅಂತ ಅದನ್ನು ರಬ್ಬರ್ ಮೇಲೆ ಕೂರಿಸಿರುತ್ತಾರೆ. ನಕಲಿಯಲ್ಲಿ ಬಹಳ ಸಲ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಕ್ಯಾಪ್ಸೂಲ್ ಇರುವ ಭಾಗವನ್ನೂ ಹಿಡಿಯಿಂದ ತಿರುಗಿಸಿ ತೆಗೆಯಬಹುದು. ಒಳಗೆ ಕೂದಲಿನಂಥ ಎರಡು ವೈರ್ ಇರುತ್ತವೆ, ಎಳೆಯಬೇಡಿ. ಅವು ಅಸಲಿಯಲ್ಲಿ ಹಿಡಿಯೊಳಗೆ ಅಂಟು ಹಾಕಿ ಕೂರಿಸಿದ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತವೆ. ಕಡಿಮೆ ಬೆಲೆಯ ನಕಲಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ವೈರ್ ನೇರ ಕೆಳಗಿನ ಪಿನ್‌ಗೆ, ನಡುವೆ ಖಾಲಿ ಕೊಳವೆ. ಆದರೆ ಒಂದು ಮಾತು. ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ಇಷ್ಟು ಆಳಕ್ಕೆ ಇಳಿಯಬೇಡಿ. ‘ನೀವೇ ಬಿಚ್ಚಿ ಹಾಳು ಮಾಡಿದ್ದು’ ಅಂತಾರೆ. ಜಾಲರಿ ತೆಗೆದು ಫೋಟೋ ಹೊಡೆದುಕೊಂಡರೆ ಸಾಕು.

ಕೊನೆಗೆ ಕಿವಿ. ಒಂದು ಮೈಕನ್ನೇ ಕೇಳಿ ತೀರ್ಮಾನ ಮಾಡಬೇಡಿ. ನಿಮ್ಮ ಮೈಕ್‌ಸೆಟ್‌ನವರ ಹತ್ತಿರ ಅಸಲಿ ಇದ್ದರೆ ತಂದು, ಅದೇ ಮಿಕ್ಸರ್, ಅದೇ ಕೇಬಲ್, ಅದೇ ವಾಲ್ಯೂಮ್‌ನಲ್ಲಿ ಒಬ್ಬರೇ ಎರಡರಲ್ಲೂ ಹಾಡಲಿ. ಆಮೇಲೆ ಮೈಕನ್ನು ಹಿಂದುಮುಂದು ಮಾಡಿ ಹಿಡಿದು, ಅಂದರೆ ಕೇಬಲ್ ಸಿಕ್ಕಿಸುವ ಕಡೆಯಿಂದ ಮಾತಾಡಿ. ಅಸಲಿ ಮೈಕ್ ಎದುರಿನ ಧ್ವನಿಯನ್ನು ಹಿಡಿದು ಹಿಂದಿನದನ್ನು ಬಹಳಷ್ಟು ಬಿಡುತ್ತದೆ, ಧ್ವನಿ ತಟ್ಟನೆ ಇಳಿಯುತ್ತದೆ. ನಕಲಿ ಎಲ್ಲ ಕಡೆಯಿಂದಲೂ ಎಳೆದುಕೊಂಡರೆ ಸ್ಪೀಕರ್ ಸದ್ದೂ ಅದರೊಳಗೆ ಹೋಗಿ ಕುಂಯ್ ಅಂತ ಕೂಗೋದಕ್ಕೆ ಶುರು. ತಾಳ, ಹಾರ್ಮೋನಿಯಂ, ತಬಲ ಎಲ್ಲ ಒತ್ತಟ್ಟಿಗೆ ಕೂತಿರುವ ಭಜನೆಯಲ್ಲಿ ನಿಮಗೆ ನಿಜವಾಗಿ ತೊಂದರೆ ಕೊಡೋದು ಇದೇ.

ಪ್ರಶ್ನೆ: ಆನ್‌ಲೈನ್ ಪಾಠಕ್ಕೆ ಬೋಯಾ ಬಿವೈ-ಎಂ1 ಕಾಲರ್ ಮೈಕ್ ತೆಗೆದುಕೊಂಡೆ, 350 ರೂಪಾಯಿ. ಧ್ವನಿ ದೂರದಿಂದ ಬಂದ ಹಾಗಿದೆ ಅಂತ ಮಕ್ಕಳು ಹೇಳ್ತಾರೆ. ನಕಲಿಯಾ?
– ಶಿಕ್ಷಕಿ, ಹಾವೇರಿ

ಉತ್ತರ: ಬೆಲೆ ನೋಡಿದರೆ ನಕಲಿ ಅಂತಲೇ ಕಾಣುತ್ತದೆ ಮೇಡಂ. ಆದರೆ ಮೊದಲು ಫೋನ್ ಅದನ್ನು ಬಳಸ್ತಾ ಇದೆಯಾ ನೋಡಿ. ರೆಕಾರ್ಡಿಂಗ್ ಹಾಕಿ ಕಾಲರ್ ಮೈಕನ್ನು ಉಗುರಿನಿಂದ ತಟ್ಟಿ, ಆಮೇಲೆ ಫೋನಿನ ಕೆಳಭಾಗವನ್ನು ತಟ್ಟಿ. ಫೋನ್ ತಟ್ಟಿದ ಸದ್ದೇ ಜೋರಾಗಿದ್ದರೆ ಇಷ್ಟು ದಿನ ಮಕ್ಕಳು ಕೇಳಿದ್ದು ಫೋನಿನ ಸ್ವಂತ ಮೈಕಿನ ಧ್ವನಿ. ಪಿನ್ ಪೂರ್ತಿ ಒಳಗೆ ಹೋಗದಿದ್ದರೂ, ಪಿನ್‌ಗೂ ಫೋನಿಗೂ ನಡುವೆ ಹಾಕುವ ಕನ್ವರ್ಟರ್ ಸರಿಯಿಲ್ಲದಿದ್ದರೂ ಹೀಗಾಗುತ್ತದೆ. ಮೈಕಿನ ಕೇಬಲ್‌ನಲ್ಲಿರುವ ಪುಟ್ಟ ಡಬ್ಬಿಯ ಸ್ವಿಚ್ ಸ್ಮಾರ್ಟ್‌ಫೋನ್ ಕಡೆಗೆ ಇರಲಿ.

ಅಸಲಿ ಬಿವೈ-ಎಂ1ಗೆ 6 ಮೀಟರ್ ಉದ್ದದ ಕೇಬಲ್, ಆ ಡಬ್ಬಿಯಲ್ಲಿ ಎಲ್‌ಆರ್44 ಬಿಲ್ಲೆ ಬ್ಯಾಟರಿ ಇರುತ್ತದೆ. ಟೇಪ್ ಹಿಡಿದು ಅಳೆಯಿರಿ. ಡಬ್ಬಿ ಬಿಚ್ಚಿದರೆ ಬ್ಯಾಟರಿ ಕೂರಿಸುವ ಜಾಗವೇ ಇಲ್ಲ, ಸ್ವಿಚ್ ಸುಮ್ನೆ ಅಲಂಕಾರಕ್ಕೆ ಅನ್ನೋ ಮಾಲನ್ನು ವಾಪಸ್ ಕಳಿಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಮೈಕ್ ನಕಲಿ ಅಂತ ಗೊತ್ತಾಗುವಷ್ಟರಲ್ಲಿ ವಾಪಸ್ ಕೊಡುವ 7 ದಿನ ಮುಗಿದುಹೋಗಿದೆ. ಮಾರಾಟಗಾರ ಉತ್ತರವೇ ಕೊಡ್ತಿಲ್ಲ. ಆನ್‌ಲೈನ್ ಅಂಗಡಿಯವರು ‘ಅವಧಿ ಮುಗಿದಿದೆ’ ಅಂತ ಕೈ ತೊಳೆದುಕೊಂಡರು. ದುಡ್ಡು ಹೋದ ಹಾಗೇನಾ?
– ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ಇಲ್ಲ. ಆ 7 ದಿನ ಅವರು ಮಾಡಿಕೊಂಡ ಲೆಕ್ಕ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾಲು ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇರದಿದ್ದರೆ ಮಾರಾಟಗಾರ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ಕಸ್ಟಮರ್ ಕೇರ್‌ನ ಚಾಟ್‌ನಲ್ಲಿ ಜಗಳ ಆಡಿ ಸುಸ್ತಾಗಬೇಡಿ. ಪ್ರತಿ ಆನ್‌ಲೈನ್ ಅಂಗಡಿಗೂ ಒಬ್ಬ ದೂರು ಅಧಿಕಾರಿ ಇರಲೇಬೇಕು, ಹೆಸರು ಮತ್ತು ಇಮೇಲ್ ಸೈಟಿನ ಕೆಳತುದಿಯಲ್ಲಿ ಎಲ್ಲೋ ಇರುತ್ತದೆ. ಅವರಿಗೇ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮಾರಾಟಗಾರನ ಪೂರ್ತಿ ವಿಳಾಸವನ್ನೂ ಅದೇ ಪತ್ರದಲ್ಲಿ ಕೇಳಿ, ಕೊಡಲೇಬೇಕು.

ಬಿಲ್ ತೆಗೆದು ನೋಡಿ. ಅದರಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು, ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ. ಯಾವ ಬಗೆಯ ಮಾಲು ಅಂತ ತೋರಿಸುವ ಎಚ್‌ಎಸ್‌ಎನ್ ಕೋಡ್ ಮೈಕ್‌ಗೆ 8518. ಬಿಲ್ಲಿನಲ್ಲಿ ಬ್ರ್ಯಾಂಡ್ ಹೆಸರೇ ಇಲ್ಲದೆ ಬರೀ ‘ಮೈಕ್’ ಅಂತಲೋ, ಮೊಬೈಲ್ ಕವರ್ ಅಂತಲೋ ಇದ್ದರೆ ಅದು ನಿಮ್ಮ ಪರವಾದ ಒಳ್ಳೇ ಪುರಾವೆ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನಾಳೆ ಆ ಪುಟ ಇರಲಿಕ್ಕಿಲ್ಲ.

ಅದಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅನೇಕ ಪ್ರಕರಣ ಇಲ್ಲಿಗೇ ಮುಗಿಯುತ್ತವೆ, ಕಂಪನಿಗಳಿಗೆ ಗ್ರಾಹಕ ಆಯೋಗದವರೆಗೆ ಹೋಗೋ ಮನಸ್ಸಿರಲ್ಲ. ಹೋಗಲೇಬೇಕು ಅಂತಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದ ಅವಕಾಶ ಇದೆ, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ.

ಪ್ರಶ್ನೆ: ಸ್ಟುಡಿಯೋಗಳಲ್ಲಿರುವ ನ್ಯೂಮನ್ ಯು87 ಥರಾನೇ ಕಾಣುವ ಮೈಕ್ 6,000ಕ್ಕೆ ಇದೆ. ತಗೊಳ್ಳಲಾ?
– ಹಾಡುಗಾರ, ಮೈಸೂರು

ಉತ್ತರ: ಅದರ ಮೇಲೆ ಯಾರ ಹೆಸರಿದೆ ಅನ್ನೋದು ಮುಖ್ಯ. ಸ್ವಂತ ಹೆಸರು ಹಾಕಿಕೊಂಡು ಆ ಆಕಾರದಲ್ಲಿ ಮಾರುವವರು ಬಹಳ ಇದ್ದಾರೆ, ಅವುಗಳಲ್ಲಿ ಕೆಲವು ಬೆಲೆಗೆ ತಕ್ಕ ಹಾಗೆ ಚೆನ್ನಾಗಿಯೇ ಇವೆ. ‘ನ್ಯೂಮನ್’ ಅಂತಲೇ ಕೆತ್ತಿದ್ದರೆ ಬೇಡ. ಅಸಲಿಯ ಬೆಲೆ ಲಕ್ಷದ ಲೆಕ್ಕದಲ್ಲಿದೆ. ಮತ್ತೆ, ಅಂಥ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಹೋಗುವ ವಿದ್ಯುತ್ ಬೇಕು, ಅದನ್ನು ಕೊಡುವ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆಯೂ ಬೇಕು. ಅದಿಲ್ಲದಿದ್ದರೆ ಖರ್ಚು ಅಲ್ಲಿಗೇ ನಿಲ್ಲಲ್ಲ.

ಪ್ರಶ್ನೆ: ಎರಡು ನಕಲಿ ಶ್ಯೂರ್ ಮೈಕ್ ತಲೆಗೆ ಕಟ್ಟಿಕೊಂಡಿದ್ದೇನೆ. ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಿ ಕೈ ತೊಳೆದುಕೊಳ್ಳಬಹುದಾ?
– ಒಬ್ಬ ಓದುಗರು, ಕುಂದಾಪುರ

ಉತ್ತರ: ಶ್ಯೂರ್ ಅಂತ ಹೇಳಿ ಮಾರುವ ಯೋಚನೆ ಇದ್ದರೆ ಬಿಟ್ಟುಬಿಡಿ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ನಕಲಿ ಗುರುತಿನ ಮಾಲು ಮಾರುವುದಕ್ಕೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ‘ನನಗೂ ಹಾಗೇ ಬಂದಿತ್ತು’ ಅನ್ನೋದು ನಡೆಯಲ್ಲ, ಈಗ ನಿಮಗೆ ಗೊತ್ತಿದೆಯಲ್ಲ. ಧ್ವನಿ ಬರ್ತಾ ಇದ್ದರೆ ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಕಾರ್ಯಕ್ರಮಕ್ಕೆ ಬೇಕು, ಬಜೆಟ್ ಎರಡೂವರೆ ಸಾವಿರದ ಒಳಗೆ ಅಂತಾದರೆ ಅಹುಜಾದ ಸಾಧಾರಣ ಮೈಕೋ, ಬೆರಿಂಗರ್ ಎಕ್ಸ್‌ಎಂ8500 ಥರದ್ದೋ ನೋಡಿ. ಅಹುಜಾಕ್ಕೂ ಡೂಪ್ಲಿಕೇಟ್ ಇದೆ, ಹಾಗಾಗಿ ಅದನ್ನು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೂ ಅಷ್ಟೇ. ‘ಬಿಲ್ ಬೇಕಾದರೆ ಒಂದು ರೇಟು, ಬೇಡವಾದರೆ ಒಂದು ರೇಟು’ ಅಂದ ಕೂಡಲೇ ಪಕ್ಕದ ಅಂಗಡಿಗೆ ನಡೆಯಿರಿ.