ಐದು ತಿಂಗಳ ಮೊಣಕಾಲು, ಅಕ್ಟೋಬರ್ ಟ್ರಯಲ್ಸ್

ಪ್ರಶ್ನೆ: ನನಗೆ 22 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಮನೆ. ಬಿ.ಕಾಂ. ಮುಗಿದಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ಕಟ್ಟುವ ಸ್ಥಾನ. ಕಳೆದ ಡಿಸೆಂಬರ್‌ನಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ನಮ್ಮ ತಂಡಕ್ಕೆ ಮೂರನೇ ಸ್ಥಾನ ಬಂತು. ಫೆಬ್ರುವರಿಯಲ್ಲಿ ಲೇ-ಅಪ್ ಹಾಕಿ (ಬುಟ್ಟಿಯ ಹತ್ತಿರ ಜಿಗಿದು ಚೆಂಡು ಹಾಕಿ) ಇಳಿಯುವಾಗ ಎಡ ಮೊಣಕಾಲಿನ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿಯಿತು. ಮಾರ್ಚ್‌ನಲ್ಲಿ ಆಪರೇಷನ್ ಆಯಿತು. ಈಗ ಐದು ತಿಂಗಳು. ನೋವಿಲ್ಲ, ಊತವಿಲ್ಲ, ನೆಟ್ಟಗೆ ಓಡುತ್ತೇನೆ. ಅಕ್ಟೋಬರ್‌ನಲ್ಲಿ ರೈಲ್ವೆ ಕ್ರೀಡಾ ಕೋಟಾದ ಟ್ರಯಲ್ಸ್ ಇದೆ. ‘ಇದೊಂದು ತಪ್ಪಿದರೆ ಆಟ ಸಾಕು, ಯಾವುದಾದರೂ ಕಂಪನಿಗೆ ಸೇರು’ ಎಂದು ಅಪ್ಪ ಹೇಳುತ್ತಾರೆ. ‘ಮಂಡಿಗೆ ಬ್ರೇಸ್ (ಆಸರೆ ಪಟ್ಟಿ) ಹಾಕಿಕೊಂಡು ಆಡು, ಏನೂ ಆಗಲ್ಲ’ ಎಂದು ಕೋಚ್ ಹೇಳುತ್ತಾರೆ. ಈ ನಡುವೆ ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ಏಜೆಂಟ್ ಒಬ್ಬರು ಎರಡೂವರೆ ಲಕ್ಷ ಕಟ್ಟಿದರೆ ಯುರೋಪಿನ ಕ್ಲಬ್‌ಗೆ ಸೇರಿಸುತ್ತಾರಂತೆ, ಅಲ್ಲಿಂದ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ದೂರವಿಲ್ಲವಂತೆ. ಚಿಕ್ಕಂದಿನಿಂದಲೂ ನನ್ನ ಕನಸು ಅದೇ. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಉತ್ತರ: ಅಕ್ಟೋಬರ್‌ನಲ್ಲಿ ಅಂಗಳಕ್ಕೆ ಇಳಿಯಬೇಡಿ. ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗಂತ ರೈಲ್ವೆ ಕೆಲಸವನ್ನಾಗಲಿ, ಹೊರದೇಶದ ಆಸೆಯನ್ನಾಗಲಿ ಬಿಡಬೇಕಾಗಿಲ್ಲ. ಮೊದಲು ಮೊಣಕಾಲು, ಆಮೇಲೆ ಕೆಲಸ, ಆಮೇಲೆ ವಿದೇಶ. ಈ ಸರದಿ ತಪ್ಪಿಸಿದರೆ ಮೂರೂ ಕೈಬಿಡುವ ಅಪಾಯವಿದೆ. ನಿಮ್ಮ ಸುತ್ತ ಇರುವವರಿಗೆಲ್ಲ ಅವಸರ. ಆದರೆ ನಿಮ್ಮ ಕ್ಯಾಲೆಂಡರ್‌ನಲ್ಲಿ ಜಾಗವಿದೆ, ಲೆಕ್ಕ ಹಾಕಿ ತೋರಿಸುತ್ತೇವೆ.

ಮೊದಲು ಕಾಲಿನ ವಿಷಯ. ನೋವಿಲ್ಲ, ಊತವಿಲ್ಲ ಎಂದು ಬರೆದಿದ್ದೀರಿ. ಐದನೇ ತಿಂಗಳಲ್ಲಿ ಮೋಸ ಮಾಡುವುದೇ ಇದು. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದು ಕೂರಿಸಿದ ಸ್ನಾಯುರಜ್ಜು ಒಳಗೆ ತನ್ನ ರಚನೆಯನ್ನೇ ಬದಲಿಸಿಕೊಂಡು ನಿಧಾನವಾಗಿ ಲಿಗಮೆಂಟ್ ಆಗಬೇಕು. ಆ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ಹೊರಗಿನಿಂದ ತಿಳಿಯುವುದಿಲ್ಲ. ನೆಟ್ಟಗೆ ಓಡುವಾಗ ಎಸಿಎಲ್ ಮೇಲೆ ಬೀಳುವ ಭಾರ ಕಡಿಮೆ. ಗಾರ್ಡ್ ಮಾಡುವ ಕೆಲಸವೇ ಬೇರೆ: ಪೂರ್ತಿ ವೇಗದಲ್ಲಿ ಬಂದು ನಿಲ್ಲಬೇಕು, ಕ್ರಾಸ್‌ಓವರ್ ಹಾಕಿ (ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಪುಟಿಸಿ) ದಿಕ್ಕು ಬದಲಿಸಬೇಕು, ಒಂಟಿ ಕಾಲಿನ ಮೇಲೆ ಇಳಿಯಬೇಕು. ನಿಮ್ಮ ಕಾಲು ಹೋದದ್ದೂ ಹಾಗೆ ಇಳಿಯುವಾಗಲೇ. ಆ ತಿರುಚುವಿಕೆಯನ್ನು ಬ್ರೇಸ್ ತಡೆಯುತ್ತದೆಂದು ನಂಬಿ ಆಡಬೇಡಿ. ಬ್ರೇಸ್ ಧೈರ್ಯ ಕೊಡುತ್ತದೆ, ನಿಮಗೆ ಈಗ ಬೇಕಿಲ್ಲದ್ದು ಆ ಧೈರ್ಯವೇ.

ಒಂಬತ್ತು ತಿಂಗಳಿಗೆ ಮುಂಚೆ ಪಂದ್ಯ ಬೇಡ ಎಂಬುದು ಸುಮ್ಮನೆ ಹೇಳುವ ಮಾತಲ್ಲ. ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ತಡಮಾಡಿದಂತೆ ಮತ್ತೆ ಗಾಯವಾಗುವ ಅಪಾಯ ಸುಮಾರು ಅರ್ಧದಷ್ಟು ಇಳಿಯುತ್ತ ಹೋಗುತ್ತದೆಂದು 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನ ತೋರಿಸಿದೆ. ಈ ಆಟದಲ್ಲಿ ಗಂಡಸರಿಗಿಂತ ಹೆಂಗಸರಿಗೆ ಎಸಿಎಲ್ ಹರಿಯುವ ಸಾಧ್ಯತೆ ಮೊದಲೇ ಹೆಚ್ಚು. ಮಾರ್ಚ್‌ನಲ್ಲಿ ಆಪರೇಷನ್ ಎಂದರೆ ನಿಮ್ಮ ಒಂಬತ್ತು ತಿಂಗಳು ತುಂಬುವುದು ಡಿಸೆಂಬರ್‌ಗೆ. ಅಕ್ಟೋಬರ್‌ಗೆ ಬರೀ ಏಳು.

ತಿಂಗಳು ತುಂಬಿದರಷ್ಟೇ ಸಾಲದು, ಪರೀಕ್ಷೆಯಲ್ಲೂ ಪಾಸಾಗಬೇಕು. ಸ್ಪೋರ್ಟ್ಸ್ ಫಿಸಿಯೋ ಬಳಿ ಹೋಗಿ ಹೆಸರಿಟ್ಟು ಕೇಳಿ: ತೊಡೆಯ ಮುಂಭಾಗದ ಶಕ್ತಿಯನ್ನು ಯಂತ್ರದಲ್ಲಿ ಅಳೆಯಬೇಕು, ಒಂಟಿ ಕಾಲಿನ ನಾಲ್ಕು ಹಾಪ್ ಪರೀಕ್ಷೆ ಆಗಬೇಕು, ಅಂದರೆ ಒಂದು ಜಿಗಿತ, ಸತತ ಮೂರು ಜಿಗಿತ, ಗೆರೆಯ ಆಚೀಚೆ ದಾಟುತ್ತ ಮೂರು ಜಿಗಿತ, 6 ಮೀಟರ್ ಜಿಗಿತದ ಸಮಯ. ಎಲ್ಲದರಲ್ಲೂ ಎಡಗಾಲು ಬಲಗಾಲಿನ ಕನಿಷ್ಠ ಶೇ 90 ಮುಟ್ಟಬೇಕು. ಇಲ್ಲೊಂದು ಕೊಂಕಿದೆ. ಐದು ತಿಂಗಳು ಆಟವಿಲ್ಲದೆ ಬಲಗಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ ಶೇ 90 ಎಂದರೆ ಅದು ನಿಜವಾದ 90 ಅಲ್ಲ. ಹಾಗಾಗಿ ಬಲಗಾಲಿನ ಅಳತೆಯನ್ನು ಈಗಲೇ ಬರೆಸಿಟ್ಟುಕೊಳ್ಳಿ, ಎರಡನ್ನೂ ಬೆಳೆಸಿ. ಜಿಗಿದು ಇಳಿಯುವುದನ್ನು ಎದುರಿನಿಂದ ಮೊಬೈಲ್‌ನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿ. ಮಂಡಿ ಪಾದದ ಬೆರಳುಗಳ ನೇರಕ್ಕೆ ಬಗ್ಗದೆ ಒಳಕ್ಕೆ ವಾಲುತ್ತಿದ್ದರೆ, ಅಳತೆ ಎಷ್ಟೇ ಬಂದಿರಲಿ, ನೀವಿನ್ನೂ ತಯಾರಿಲ್ಲ.

ಮುಂದಿನ ನಾಲ್ಕು ತಿಂಗಳು ಸರಿಸುಮಾರು ಹೀಗಿರಲಿ, ದಿನಾಂಕಗಳನ್ನು ನಿಮ್ಮ ಸರ್ಜನ್ ಮತ್ತು ಫಿಸಿಯೋ ತಿದ್ದಲಿ. ಆರನೇ ತಿಂಗಳಲ್ಲಿ ಎರಡೂ ಕಾಲಿನ ಜಿಗಿತ, ಒಬ್ಬರೇ ಶೂಟಿಂಗ್. ಏಳರಲ್ಲಿ ಮೊದಲೇ ಗೊತ್ತಿರುವ ದಿಕ್ಕಿಗೆ ಕಟ್ (ಓಡುತ್ತ ಥಟ್ಟನೆ ತಿರುಗುವುದು), ಒಂಟಿ ಕಾಲಿನ ಲ್ಯಾಂಡಿಂಗ್. ಎಂಟರಲ್ಲಿ ಎದುರಾಳಿಯನ್ನು ನೋಡಿ ದಿಕ್ಕು ಬದಲಿಸುವುದು, ಮೈ ತಾಗದ ಒನ್-ಆನ್-ಒನ್. ಪರೀಕ್ಷೆ ಪಾಸಾದ ಮೇಲೆ ಒಂಬತ್ತರಲ್ಲಿ ಪೂರ್ತಿ ಅಭ್ಯಾಸ, ಮೊದಲ ಪಂದ್ಯಗಳಲ್ಲಿ 10ರಿಂದ 15 ನಿಮಿಷ ಮಾತ್ರ. ಮಾರನೇ ದಿನ ಬೆಳಿಗ್ಗೆ ಮಂಡಿ ಊದಿದ್ದರೆ ಹಿಂದಿನ ದಿನದ ಕೆಲಸ ಹೆಚ್ಚಾಯಿತೆಂದೇ ಅರ್ಥ, ಒಂದು ಹೆಜ್ಜೆ ಹಿಂದೆ ಹೋಗಿ. ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮ (ಮಂಡಿಯೂರಿ, ಪಾದ ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು) ವಾರಕ್ಕೆರಡು ಸಲ, ಐದೈದರ ಮೂರು ಸೆಟ್; ನಿಮಗೆ ಕೂರಿಸಿದ ಸ್ನಾಯುರಜ್ಜು ಅಲ್ಲಿಂದಲೇ ತೆಗೆದದ್ದಾದರೆ ಫಿಸಿಯೋ ಒಪ್ಪಿದ ಮೇಲಷ್ಟೇ. ಜಿಗಿತವನ್ನು ಸಿಮೆಂಟ್ ಅಂಗಳದಲ್ಲಿ ಶುರು ಮಾಡಬೇಡಿ. ನಮ್ಮೂರಿನ ಬಹುಪಾಲು ಕೋರ್ಟ್‌ಗಳು ಬಯಲಿನಲ್ಲಿವೆ, ಮಳೆಗಾಲದ ಬೆಳಗಿನಲ್ಲಿ ಒಣಗಿದಂತೆ ಕಂಡರೂ ಜಾರುತ್ತವೆ. ಮರದ ನೆಲದ ಒಳಾಂಗಣ ವಾರಕ್ಕೆರಡು ಗಂಟೆ ಸಿಕ್ಕರೂ ಜಿಗಿತವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ಶೂ ಅಡಿಯ ಗೆರೆಗಳು ಸವೆದಿದ್ದರೆ ಬೇರೆ ತೆಗೆದುಕೊಳ್ಳಿ. ಈ ತಿಂಗಳುಗಳಲ್ಲಿ ಹಣ ಹಾಕಬೇಕಾದದ್ದು ಶೂಗೆ ಮತ್ತು ಫಿಸಿಯೋಗೆ.

ಊಟದ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಕೇಳುತ್ತೇವೆ. ‘ಆಟವಿಲ್ಲ, ದಪ್ಪಗಾಗುತ್ತೇನೆ’ ಎಂದು ಕಡಿಮೆ ತಿನ್ನುತ್ತಿದ್ದೀರಾ? ತೊಡೆ ತುಂಬಿಕೊಳ್ಳದಿರಲು ಅದೊಂದೇ ಸಾಕು. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ, 60 ಕಿಲೋ ಇದ್ದರೆ ದಿನಕ್ಕೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18. ಮುದ್ದೆ ಒಳ್ಳೆಯದೇ, ಆದರೆ ಜೊತೆಗೆ ತಿಳಿಸಾರು ಬೇಡ, ಕಾಳು ಹೆಚ್ಚಾಗಿರುವ ಗಟ್ಟಿ ಸಾರು ಇರಲಿ. ಮುಟ್ಟು ಸತತ ಮೂರು ತಿಂಗಳು ನಿಂತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಪರೀಕ್ಷಿಸಿ.

ಇನ್ನು ಅಪ್ಪನಿಗೆ ತೋರಿಸಬೇಕಾದ ಲೆಕ್ಕ. ರೈಲ್ವೆ ಕ್ರೀಡಾ ಕೋಟಾದ ಬಹಿರಂಗ ನೇಮಕಾತಿಗೆ ವಯಸ್ಸು 18ರಿಂದ 25. ನಿಮಗೆ 22. ಸಾಧನೆಯಲ್ಲಿ ಲೆಕ್ಕಕ್ಕೆ ಬರುವುದು ನಡೆಯುತ್ತಿರುವ ಆರ್ಥಿಕ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳದ್ದು. ನಿಖರ ದಿನಾಂಕ ಅಧಿಸೂಚನೆಯಲ್ಲಿ ಅಚ್ಚಾಗಿರುತ್ತದೆ. ನಿಮ್ಮ ಡಿಸೆಂಬರ್ ಪದಕ ಕಳೆದ ಆರ್ಥಿಕ ವರ್ಷದ್ದು. ಅಂದರೆ ಈ ವರ್ಷದ ನೇಮಕಾತಿಗೂ ನಡೆಯುತ್ತದೆ, ಮುಂದಿನ ವರ್ಷದ್ದಕ್ಕೂ ನಡೆಯುತ್ತದೆ. ‘ಇದೊಂದು ತಪ್ಪಿದರೆ’ ಎಂಬ ಅಪ್ಪನ ಭಯಕ್ಕೆ ಉತ್ತರ ಇಲ್ಲಿದೆ.

ಅಂಕಗಳನ್ನೂ ನೋಡಿ. ಒಟ್ಟು 100ರಲ್ಲಿ ಟ್ರಯಲ್ಸ್‌ಗೆ 40, ಸಾಧನೆಗೆ 50, ಓದಿಗೆ 10. ಟ್ರಯಲ್ಸ್‌ನಲ್ಲಿ 40ಕ್ಕೆ 25 ಬಂದರೆ ಮಾತ್ರ ‘ಫಿಟ್’, ಮುಂದಿನ ಹಂತಕ್ಕೆ ಪ್ರವೇಶ. ಏಳು ತಿಂಗಳ ಕಾಲಿಟ್ಟುಕೊಂಡು ನೀವು ಎಡಕ್ಕೆ ನುಗ್ಗಲು ಹಿಂಜರಿಯುತ್ತೀರಿ, ಡಿಫೆನ್ಸ್ ಸ್ಲೈಡ್‌ನಲ್ಲಿ ಭಾರವನ್ನು ಬಲಗಾಲಿಗೆ ಹಾಕುತ್ತೀರಿ. ಸಾಲಾಗಿ ಕುಳಿತ ಕೋಚ್‌ಗಳಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಲು ಉಳಿದರೂ 25 ಬರುವುದು ಕಷ್ಟ.

ಆದರೆ ಅರ್ಜಿಯನ್ನು ಮಾತ್ರ ಹಾಕಿ. ಟ್ರಯಲ್ಸ್ ಮುಂದಕ್ಕೆ ಹೋಗುವುದು ಹೊಸದಲ್ಲ. ಡಿಸೆಂಬರ್ ದಾಟಿ, ನಿಮ್ಮ ಪರೀಕ್ಷೆಯೂ ಪಾಸಾಗಿದ್ದರೆ ಹೋಗಿ, ಇಲ್ಲವಾದರೆ ಹೋಗಬೇಡಿ. ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆ ಒಂದನ್ನೇ ಕಾಯಬೇಡಿ. ಚೆನ್ನೈನ ದಕ್ಷಿಣ ರೈಲ್ವೆ, ಸಿಕಂದರಾಬಾದ್‌ನ ದಕ್ಷಿಣ ಮಧ್ಯ ರೈಲ್ವೆ ಅಧಿಸೂಚನೆಗಳನ್ನೂ ಗಮನಿಸಿ. ಪ್ರತಿಯೊಂದರಲ್ಲೂ ‘ಬ್ಯಾಸ್ಕೆಟ್‌ಬಾಲ್ (ಮಹಿಳೆ)’ ಎಂದಿದೆಯೇ, ಯಾವ ಸ್ಥಾನದ ಆಟಗಾರ್ತಿ ಬೇಕು ಎಂದಿದೆಯೇ ನೋಡಿ. ಸೆಂಟರ್ ಕೇಳಿದ ಕಡೆ ಗಾರ್ಡ್ ಹೋಗಿ ಪ್ರಯೋಜನವಿಲ್ಲ. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಕಾಗದದ ತಪ್ಪಿಗೆ. ವಿಶ್ವವಿದ್ಯಾಲಯದ ಸಾಧನೆಗೆ ಬೇಕಾದದ್ದು ಫಾರ್ಮ್ 3, ಅದಕ್ಕೆ ಸಹಿ ಹಾಕಬೇಕಾದವರು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು, ಕಾಲೇಜಿನ ಪಿ.ಟಿ. ಮೇಷ್ಟ್ರಲ್ಲ. ರಾಜ್ಯ ತಂಡಕ್ಕೆ ಆಡಿದ್ದಕ್ಕೆ ಫಾರ್ಮ್ 2, ರಾಜ್ಯ ಸಂಸ್ಥೆಯಿಂದ. ಈ ಬಿಡುವಿನಲ್ಲಿ ಇವನ್ನು ಮಾಡಿಸಿಟ್ಟುಕೊಳ್ಳಿ. ಜನವರಿಯ ನಂತರ ಕ್ಲಬ್ ಪರವಾಗಿ ಆಡಿ ರಾಜ್ಯ ತಂಡದ ಆಯ್ಕೆಗೆ ಪ್ರಯತ್ನಿಸಿ, ಆಗ ಸಾಧನೆಯ ಪಟ್ಟಿಯೂ ಹೊಸದಾಗುತ್ತದೆ.

ರೈಲ್ವೆ ಎಂದರೆ ಕನಸು ಬಿಟ್ಟು ಗುಮಾಸ್ತಿಕೆಗೆ ಕೂರುವುದು ಎಂಬ ಭಾವ ನಿಮ್ಮ ಪತ್ರದಲ್ಲಿದೆ. ಅದನ್ನು ನಾವು ಒಪ್ಪುವುದಿಲ್ಲ. ಮಹಿಳೆಯರಿಗೆ ವರ್ಷವಿಡೀ ಸಂಬಳ ಕೊಡುವ ಗಟ್ಟಿ ಲೀಗ್ ನಮ್ಮ ದೇಶದಲ್ಲಿ ಇನ್ನೂ ನೆಲೆಯೂರಿಲ್ಲ. ಇಲ್ಲಿ ವೃತ್ತಿಪರ ಆಟಗಾರ್ತಿಯ ಬದುಕು ಎಂದರೆ ಬಹುಮಟ್ಟಿಗೆ ಇಲಾಖೆಯ ತಂಡವೇ, ದೇಶದ ಅತ್ಯುತ್ತಮರ ಜೊತೆ ಅಭ್ಯಾಸ ಸಿಗುವುದೂ ಅಲ್ಲೇ. ಭಾರತ ತಂಡದ ನಾಯಕಿಯಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯವರು. ಗೀತು ಅನ್ನಾ ಜೋಸ್ ಕೂಡ ಅಲ್ಲಿಯವರೇ. ಅವರು ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್‌ಗೆ ಆಡಿದರು, 2011ರಲ್ಲಿ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ಗೂ ಹೋಗಿಬಂದರು. ಇಲಾಖೆಯ ಅನುಮತಿ ಪಡೆದು ಹೊರಗೆ ಆಡುವ ದಾರಿ ಇದೆ. ನೇಮಕ ಪತ್ರದಲ್ಲಿ ಎಷ್ಟು ವರ್ಷ ಸೇವೆ ಕಡ್ಡಾಯ ಎಂಬ ಷರತ್ತನ್ನು ಮಾತ್ರ ಓದಿ ಸಹಿ ಹಾಕಿ.

ಡಬ್ಲ್ಯುಎನ್‌ಬಿಎ ಬಗ್ಗೆ ನೇರವಾಗಿ ಹೇಳಿಬಿಡುತ್ತೇವೆ. 2025ರ ಋತುವಿನಲ್ಲಿ ಅಲ್ಲಿ 13 ತಂಡಗಳಿದ್ದವು, ತಂಡಕ್ಕೆ ಹೆಚ್ಚೆಂದರೆ 12 ಆಟಗಾರ್ತಿಯರು. ಇಡೀ ಜಗತ್ತಿಗೆ 156 ಜಾಗ. ಯುರೋಪಿನ ಕೆಳ ಡಿವಿಷನ್ ಕ್ಲಬ್‌ನಿಂದ ಅದು ‘ದೂರವಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಅಮೆರಿಕದ ಕಾಲೇಜು ತಂಡ ಹೆಚ್ಚು ನೇರವಾದ ದಾರಿ. ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿದ್ದು ಹಾಗೆಯೇ. ಆದರೆ ಆ ದಾರಿ ಪಿಯುಸಿ ಮುಗಿಯುವ ಹೊತ್ತಿಗೆ ಹಿಡಿಯಬೇಕಾದದ್ದು. ಪದವಿ ಮುಗಿದ ನಿಮಗೆ ಅದು ಬಹುಪಾಲು ಮುಚ್ಚಿದೆ. ಇದನ್ನು ಬರೆಯುವುದು ನಮಗೂ ಸುಲಭವಲ್ಲ. ನಿಮಗೆ ತೆರೆದಿರುವುದು ಸಣ್ಣ ಲೀಗ್‌ಗಳು, ಅವೂ ಗೌರವದ ಆಟವೇ.

ಮೊಣಕಾಲಿನ ವಿಷಯದಲ್ಲಿ ಮಾತ್ರ ಆ ಲೀಗ್‌ನ ಆಟಗಾರ್ತಿಯರಿಂದ ಕಲಿಯುವುದಿದೆ. ಪೇಜ್ ಬ್ಯೂಕರ್ಸ್‌ಗೆ 2022ರ ಆಗಸ್ಟ್‌ನಲ್ಲಿ ಎಸಿಎಲ್ ಹರಿಯಿತು. ಅವರು 2022-23ರ ಕಾಲೇಜು ಋತುವನ್ನೇ ಪೂರ್ತಿ ಬಿಟ್ಟರು. 2025ರಲ್ಲಿ ಡಬ್ಲ್ಯುಎನ್‌ಬಿಎ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಅವರದೇ. ಸ್ಯೂ ಬರ್ಡ್‌ಗೆ ಕಾಲೇಜಿನ ಮೊದಲ ವರ್ಷದಲ್ಲೇ, 1998ರಲ್ಲಿ, ಇದೇ ಲಿಗಮೆಂಟ್ ಹರಿದಿತ್ತು. ಅವರು ನಿವೃತ್ತರಾದದ್ದು 2022ರಲ್ಲಿ, 41ನೇ ವಯಸ್ಸಿನಲ್ಲಿ. ಅವರೂ ನಿಮ್ಮ ಹಾಗೆ ಪಾಯಿಂಟ್ ಗಾರ್ಡ್. ಇದನ್ನು ನಿಮ್ಮ ಕೋಚ್‌ಗೂ ತೋರಿಸಿ, ಜೊತೆಗೆ ಫಿಸಿಯೋ ಬರೆದುಕೊಟ್ಟ ವರದಿಯನ್ನೂ ಕೊಡಿ. ‘ನನಗೆ ಭಯ’ ಎಂದರೆ ಬೈದು ಅಂಗಳಕ್ಕಿಳಿಸುವ ಕೋಚ್, ‘ಹಾಪ್ ಟೆಸ್ಟ್ ಶೇ 78 ಬಂದಿದೆ’ ಎಂದರೆ ಸುಮ್ಮನಾಗುತ್ತಾರೆ.

ಏಜೆಂಟ್ ವಿಷಯ ಬೇಗ ಮುಗಿಸಬಹುದು. ಅಂತರರಾಷ್ಟ್ರೀಯ ವರ್ಗಾವಣೆ ಮಾಡಿಸುವ ಏಜೆಂಟ್‌ಗೆ ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ ಪರವಾನಗಿ ಬೇಕು, ಅದಿರುವವರ ಪಟ್ಟಿ ಫಿಬಾ ಜಾಲತಾಣದಲ್ಲಿದೆ. ಕಂಪನಿ ಹೆಸರಲ್ಲ, ವ್ಯಕ್ತಿಯ ಹೆಸರು ಹುಡುಕಿ. ನಿಜವಾದ ಏಜೆಂಟ್‌ನ ಸಂಪಾದನೆ ಒಪ್ಪಂದ ಕುದುರಿದ ಮೇಲೆ ಬರುವ ಕಮಿಷನ್, ಸಾಮಾನ್ಯವಾಗಿ ಶೇ 10. ಮುಂಗಡ ಕೇಳುವವರ ಕೆಲಸ ಆ ಮುಂಗಡದಲ್ಲೇ ಮುಗಿಯುತ್ತದೆ. ಇನ್ನೊಂದು ಮಾತು: ಕ್ಲಬ್ ಒಪ್ಪಂದಗಳು ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ ಊರ್ಜಿತ ಎಂಬ ಷರತ್ತಿನೊಂದಿಗೆ ಬರುವುದೇ ಹೆಚ್ಚು. ಈಗಿನ ಕಾಲಿಟ್ಟುಕೊಂಡು ಹೋದರೆ ಆಸ್ಪತ್ರೆಯ ಬಾಗಿಲಿನಿಂದಲೇ ವಾಪಸ್, ಟಿಕೆಟ್ ಖರ್ಚು ನಿಮ್ಮದು.

ಮುಂದೆ ನಿಜವಾದ ಅವಕಾಶ ಬಂದಾಗ ಬೇಕಾಗುವುದು ಎರಡು ಪೂರ್ತಿ ಪಂದ್ಯಗಳ ವಿಡಿಯೊ ಮತ್ತು ಮೂರು ನಾಲ್ಕು ನಿಮಿಷದ ತುಣುಕು; ಬರೀ ತುಣುಕನ್ನು ಯಾವ ಕೋಚ್ ಕೂಡ ನಂಬುವುದಿಲ್ಲ. ಒಪ್ಪಂದದಲ್ಲಿ ತೆರಿಗೆ ಕಳೆದು ಕೈಗೆ ಬರುವ ಸಂಬಳ, ಮನೆ, ಗಾಯಕ್ಕೆ ವಿಮೆ, ಹೋಗಿಬರುವ ಟಿಕೆಟ್, ಕೆಲಸದ ವೀಸಾ (ಪ್ರವಾಸಿ ವೀಸಾ ಅಲ್ಲ) ಇರಬೇಕು. ಸಂಬಳದ ತಕರಾರು ಬಂದರೆ ಫಿಬಾದ ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯುನಲ್‌ಗೆ (ಮಧ್ಯಸ್ಥಿಕೆ ನ್ಯಾಯಮಂಡಳಿಗೆ) ಹೋಗಲು ಆ ಕುರಿತ ಕಲಮು ಒಪ್ಪಂದದಲ್ಲೇ ಬರೆದಿರಬೇಕು. ಕೊನೆಗೆ ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್‌ನಿಂದ ಲೆಟರ್ ಆಫ್ ಕ್ಲಿಯರೆನ್ಸ್ (ಹೊರದೇಶದ ಕ್ಲಬ್‌ಗೆ ಆಡಲು ಒಪ್ಪಿಗೆ ಪತ್ರ) ಬೇಕು.

ಈ ಏಜೆಂಟ್‌ಗೆ ಇವತ್ತೇ ಬರೆಯಿರಿ: ‘ನಿಮ್ಮ ಫಿಬಾ ಪರವಾನಗಿ ಸಂಖ್ಯೆ, ಕ್ಲಬ್ ಹೆಸರು, ಲೀಗ್ ಮತ್ತು ಡಿವಿಷನ್ ತಿಳಿಸಿ. ಕಮಿಷನ್ ಮೊದಲ ಸಂಬಳ ಬಂದ ಮೇಲೆ.’ ಮೂರು ದಿನದಲ್ಲಿ ಉತ್ತರ ಬರದಿದ್ದರೆ ಆ ನಂಬರನ್ನು ಬ್ಲಾಕ್ ಮಾಡಿ, ಹಾಪ್ ಟೆಸ್ಟ್‌ಗೆ ಸಮಯ ಗೊತ್ತುಮಾಡಿಕೊಳ್ಳಿ.