ಆರಾಮಾಗಿರುವಾಗಲೇ ಪರೀಕ್ಷೆ ಯಾಕೆ?

ಇವರು ಕುಂಬಳೆ ಕಡೆಯ ಕನ್ನಡ ಶಾಲೆಯೊಂದರ ಟೀಚರ್. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಸುಮನಾ ಎಂದು ಕರೆಯೋಣ.

ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ರೋಗ, ಶುರುವಾಗಿ 13 ವರ್ಷ. ದೊಡ್ಡ ಕರುಳಿನ ಜಾಸ್ತಿ ಭಾಗಕ್ಕೆ ಹಬ್ಬಿತ್ತು. ಮೆಸಲಮೈನ್ ಮಾತ್ರೆಯಿಂದ ಈಗ ರಕ್ತ ಇಲ್ಲ, ನೋವಿಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನಲ್ಲಿ ಆಗಬೇಕಿದ್ದ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ತಪ್ಪಿತು. ಆಮೇಲೆ ಮುಂದೂಡುತ್ತಲೇ ಬಂದರು.

"ಆರಾಮಾಗಿದ್ದೇನೆ ಅಲ್ವಾ, ಸುಮ್ನೆ ಯಾಕೆ ಕೆದಕುವುದು?" ಅಂದರು. ಅತ್ತೆಯವರದ್ದೂ ಅದೇ ಮಾತಂತೆ. ತುಂಬಾ ಹೊತ್ತಿನ ನಂತರ ಅಪ್ಪನ ಸುದ್ದಿ ಬಂತು. ಐವತ್ತು ತುಂಬುವ ಮೊದಲೇ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸುಮನಾ ಹೆದರಿದ್ದು ವರದಿಗೆ.

ಏನೂ ಸಿಗುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ. ಹಾಗೆ ಹೇಳುವುದು ಅನ್ಯಾಯ. ಪರೀಕ್ಷೆ ಯಾಕೆ ಎಂಬುದನ್ನು ಮಾತ್ರ ಬಿಡಿಸಿ ಹೇಳಿದೆ. ವರ್ಷಗಟ್ಟಲೆ ಉರಿಯೂತ ಇದ್ದ ಕರುಳಿನ ಒಳಪದರದಲ್ಲಿ ಕ್ಯಾನ್ಸರಿಗೆ ಮೊದಲೇ ಜೀವಕೋಶಗಳು ಬದಲಾಗಬಹುದು. ಅದಕ್ಕೆ ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಹೊರಗೆ ಯಾವ ಲಕ್ಷಣವೂ ಕಾಣಿಸದೇ ಇರಬಹುದು. ಹಾಗಾಗಿ ರೋಗ ಶುರುವಾಗಿ ಸುಮಾರು 8 ವರ್ಷಕ್ಕೆ ಕರುಳನ್ನು ನೋಡಲೇಬೇಕು. ಆಮೇಲೆ ಅಪಾಯ ನೋಡಿಕೊಂಡು 1ರಿಂದ 5 ವರ್ಷಕ್ಕೊಮ್ಮೆ. ಅಪ್ಪನಿಗೆ ಆ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರಿಂದ ಇವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಉರಿಯೂತ ಜೋರಾಗಿದ್ದರೆ ಬದಲಾದ ಜಾಗ ಯಾವುದು, ಉರಿದ ಜಾಗ ಯಾವುದು ಎಂದು ಹೇಳುವುದು ಕಷ್ಟ. ಆರಾಮಾಗಿರುವ ಈ ಹೊತ್ತೇ ಒಳ್ಳೆಯದು. ಕಣ್ಣಿಗೆ ಕಾಣುವ ಗಂಟನ್ನು ಹಲವು ಸಲ ಅದೇ ನಳಿಕೆಯಿಂದ ತೆಗೆಯಬಹುದು. ಡಿಸ್‌ಪ್ಲೇಸಿಯಾ ಎಂದು ಬಂದರೆ ಇನ್ನೊಬ್ಬ ಅನುಭವಿ ಪೆಥಾಲಜಿಸ್ಟ್ (ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರ್) ಕೂಡ ಸ್ಲೈಡ್ ನೋಡಲಿ ಎಂದು ಕೇಳಿ. ಬದಲಾದ ಜಾಗ ಎದ್ದು ಕಾಣುವಂತೆ ಕರುಳಿಗೆ ಬಣ್ಣ ಸಿಂಪಡಿಸಿ ನೋಡುತ್ತೀರಾ ಎಂದೂ ಕೇಳಿ.

ಇನ್ನೊಂದು ಕಷ್ಟವನ್ನು ಅವರು ತಲೆ ತಗ್ಗಿಸಿ ಹೇಳಿದರು. ಕೂಡುಕುಟುಂಬ, ಒಂದೇ ಬಚ್ಚಲು. ಪರೀಕ್ಷೆಗೆ ಮೊದಲು ಕರುಳು ಖಾಲಿಯಾಗಲು ಭೇದಿ ಮಾಡಿಸುವ ಔಷಧಿ ಕುಡಿದು ರಾತ್ರಿಯಿಡೀ ಓಡಾಡುವುದು ಹೇಗೆ? ಅರ್ಧ ಔಷಧಿ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಿಗ್ಗೆ. ಅದನ್ನು ಕುಡಿದು ರೈಲು ಹತ್ತುವುದು ಬೇಡವೇ ಬೇಡ. ಹಿಂದಿನ ದಿನವೇ ಗಂಡನ ಜೊತೆ ಮಂಗಳೂರಿಗೆ ಹೋಗಿ, ಸ್ವಂತ ಬಚ್ಚಲಿರುವ ಲಾಡ್ಜ್ ಕೋಣೆ ಹಿಡಿಯಿರಿ ಅಂದೆ. ನೆಂಟರ ಮನೆ ಬೇಡ, ಅಲ್ಲಿಯೂ ಇದೇ ಸಂಕೋಚ. ಕಬ್ಬಿಣದ ಮಾತ್ರೆ ಯಾವಾಗ ನಿಲ್ಲಿಸಬೇಕು ಎಂದು ಮೊದಲೇ ಕೇಳಿಕೊಳ್ಳಿ. ಮೆಸಲಮೈನ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಗಂಡನನ್ನೂ ಒಮ್ಮೆ ಕರೆಸಿ ಮಾತಾಡಿದೆ. ಅಪ್ಪನ ಸಾವಿನಿಂದ ಹುಟ್ಟಿದ ಭಯ ಹೆಂಡತಿಯಲ್ಲಿ ಇಷ್ಟಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಪರೀಕ್ಷೆ ಆಯಿತು. ಉಬ್ಬಿದ ಒಂದು ಜಾಗ ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ. ವರದಿ ಫೋನಿಗೆ ಬಂದರೂ ಸುಮನಾ ಒಬ್ಬರೇ ತೆರೆಯುವುದಿಲ್ಲ, ಗಂಡನ ಜೊತೆ ಡಾಕ್ಟರ ಎದುರೇ ಓದುವುದು ಎಂದು ಮೂವರೂ ಮಾತಾಡಿಕೊಂಡಿದ್ದೇವೆ.