ಮಗು ಓದಿದ ಆ ಒಂದು ಸಾಲು

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರು, ಕಾಲೇಜು, ಸಂಸ್ಥೆ ಯಾವುದೂ ಇಲ್ಲಿಲ್ಲ. ಇದರಲ್ಲಿ ಬರುವ ಕುಟುಂಬದ ವಿವರಗಳನ್ನಂತೂ ಅವರೇ ಓದಿದರೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಕರಡನ್ನು ಓದಲು ಕೊಟ್ಟಾಗ ಆಕೆ ಮಗುವಿನ ಕಾಯಿಲೆಯ ಹೆಸರಿದ್ದ ಕಡೆಯಲ್ಲೆಲ್ಲ ಗೀಟು ಎಳೆದು ವಾಪಸ್ ಕೊಟ್ಟಳು. ಹಾಗಾಗಿ ಅದೂ ಇಲ್ಲ.

ಪದವಿಯ ಕೊನೆಯ ವರ್ಷದ ಹುಡುಗಿ. ದೀರ್ಘಕಾಲದ ಕಾಯಿಲೆಯಿರುವ ಮಕ್ಕಳ ಚಿಕಿತ್ಸೆಗೆ ನೆರವಾಗುವ ದತ್ತಿ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದಳು. ವರದಿ ಕೊಡುವ ಗಡುವು ಹತ್ತಿರವಾಗಿದ್ದರೂ ಒಂದು ಪುಟವನ್ನೂ ಬರೆದಿರಲಿಲ್ಲ. ಅದನ್ನು ಗಮನಿಸಿದ ಅಧ್ಯಾಪಕರು ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದರು. ರಾತ್ರಿ ನಿದ್ದೆ ಹತ್ತುವುದಿಲ್ಲ, ಫೋನ್ ಹೊಡೆದುಕೊಂಡರೆ ಎದೆ ಡವಗುಟ್ಟುತ್ತದೆ, ತಟ್ಟೆಯ ಮುಂದೆ ಕೂತರೆ ಹೊಟ್ಟೆ ತೊಳೆಸುತ್ತದೆ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ನಾನು ಒಂದು ಮಗುವಿನ ಕಷ್ಟ ಮಾರಿ ಸರ್ಟಿಫಿಕೇಟ್ ತಗೊಂಡೆ" ಎಂದಳು.

ಇಂಥ ಮಾತಿಗೆ "ಛೆ, ಹಾಗೆಲ್ಲ ಅಂದ್ಕೋಬೇಡಮ್ಮ" ಎಂದುಬಿಡುವುದು ಸುಲಭ. ಹಾಗೆಂದರೆ ಮುಂದಿನ ಮಾತು ಗಂಟಲಲ್ಲೇ ಉಳಿಯುತ್ತದೆ. ಏನಾಯಿತೋ ಮೊದಲಿನಿಂದ ಹೇಳು ಎಂದೆ.

ಆರಂಭದಲ್ಲಿ ಆಕೆಗೆ ಕೊಟ್ಟದ್ದು ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಚೆನ್ನಾಗಿ ಬರೆಯುತ್ತಾಳೆಂದು ಗೊತ್ತಾದ ಮೇಲೆ ದೇಣಿಗೆ ಸಂಗ್ರಹದ ವಿಭಾಗಕ್ಕೆ ಹಾಕಿದರು. ಒಂದು ಕುಟುಂಬವನ್ನು ಕಂಡು, ದಾನಿಗಳ ಮನ ಕರಗುವಂತೆ ಅವರ ಕಥೆ ಬರೆದು, ಮಗುವಿನ ಫೋಟೊ ತರಬೇಕಿತ್ತು. ತಾಯಿ ಆಸ್ಪತ್ರೆಯಲ್ಲಿ ಔಷಧಿಯ ಸರದಿಯಲ್ಲಿ ನಿಂತಿದ್ದರು. ಒಪ್ಪಿಗೆ ಪತ್ರ ಸಣ್ಣ ಅಕ್ಷರಗಳಲ್ಲಿ ಪುಟಗಟ್ಟಲೆ ಇತ್ತು. "ಇಲ್ಲಿ ಸಹಿ ಮಾಡಿ" ಎಂದು ಆಕೆ ಬೆರಳಿಟ್ಟು ತೋರಿಸಿದಳು. ತಾಯಿ ಕೈಯಲ್ಲಿದ್ದ ಚೀಟಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದರು. ಓದಲಿಲ್ಲ, ಓದಲು ಯಾರೂ ಹೇಳಲೂ ಇಲ್ಲ.

ಕಥೆ ಪ್ರಕಟವಾಯಿತು, ಹಣ ಬಂತು, ಕಚೇರಿಯ ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಆಮೇಲೆ ತಾಯಿ ಆಕೆಯ ಸ್ವಂತ ನಂಬರಿಗೆ ಫೋನ್ ಮಾಡಿದರು. ಮಗ ಶಾಲೆಗೆ ಹೋಗುವ ಹುಡುಗ, ಓದಲು ಬರುತ್ತದೆ. ಸಹಪಾಠಿಯೊಬ್ಬ ಮೊಬೈಲಿನಲ್ಲಿ ಅವನ ಫೋಟೊ ತೋರಿಸಿದ್ದ. ಕೆಳಗಿದ್ದ ಕೊನೆಯ ಸಾಲು: "ಇವನಿಗೆ ಹೆಚ್ಚು ಸಮಯ ಉಳಿದಿಲ್ಲ." ಆ ಸಾಲು ಈಕೆ ಬರೆದದ್ದಲ್ಲ, ಕಚೇರಿಯಲ್ಲಿ ಸೇರಿಸಿದ್ದು. ವೈದ್ಯರೂ ಹಾಗೆ ಹೇಳಿರಲಿಲ್ಲ. ಹುಡುಗ ಮನೆಗೆ ಬಂದು ಅಮ್ಮನನ್ನು, "ನಾನು ಸಾಯ್ತೀನಾ? ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ್ದ.

ಮೇಲಿನವರಿಗೆ ಹೇಳಿದಾಗ, "ಈ ಮನವಿಗೆ ಸ್ಪಂದನೆ ಚೆನ್ನಾಗಿದೆ, ತಿಂಗಳ ಕೊನೆವರೆಗೆ ಇರಲಿ" ಎಂಬ ಉತ್ತರ ಬಂತು. ಮೌಲ್ಯಮಾಪನ ಅವರ ಕೈಯಲ್ಲೇ ಇದ್ದುದರಿಂದ ಆಕೆ ಮತ್ತೆ ಕೇಳಲಿಲ್ಲ. ಕೇಳದಿದ್ದ ಸಂಕಟಕ್ಕೆ ತಾಯಿಯ ಪ್ರತಿ ಕರೆಯನ್ನೂ ಎತ್ತತೊಡಗಿದಳು. ಒಮ್ಮೆ ಬಸ್ ಖರ್ಚಿಗೆ, ಒಮ್ಮೆ ಔಷಧಿಗೆ ಎಂದು ತನ್ನ ಕೈಖರ್ಚಿನ ದುಡ್ಡು ಕಳಿಸಿದಳು. ಮೊದಲು "ಮೇಡಂ" ಎನ್ನುತ್ತಿದ್ದ ತಾಯಿ "ನೀನು ನನ್ನ ತಂಗಿ ಇದ್ದ ಹಾಗೆ" ಎನ್ನುವಷ್ಟು ಹತ್ತಿರವಾದರು. ಇಂಟರ್ನ್‌ಶಿಪ್ ಮುಗಿದ ದಿನ ಆಕೆ ಅವರಿಗೆ ಏನೂ ಹೇಳದೆ ಬಂದುಬಿಟ್ಟಳು. ಕರೆಗಳು ಬರುತ್ತಲೇ ಇದ್ದವು. ಈಗ ಎತ್ತುತ್ತಿರಲಿಲ್ಲ.

ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದಳು. ನಿದ್ದೆಯ ತೊಂದರೆ ಹೀಗೇ ಮುಂದುವರಿದರೆ ವೈದ್ಯರನ್ನು ಕಾಣೋಣ ಎಂದು ಒಪ್ಪಿಸಿದೆ. ಆಕೆ ಮಾತ್ರ ತನಗೆ 'ಬರ್ನ್ಔಟ್' ಆಗಿದೆ ಎಂದು ಎಲ್ಲೋ ಓದಿ ನಿರ್ಧರಿಸಿಕೊಂಡು ಬಂದಿದ್ದಳು. ಆ ಊಹೆಗೂ ಕಾರಣವಿದೆ. 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಈ ಬಳಲಿಕೆಯ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಹುಮ್ಮಸ್ಸಿನಿಂದ ದುಡಿಯುತ್ತಿದ್ದವರನ್ನು ಕಂಡೇ. ಸೇವೆಗೆ ಹೋದ ಎಳೆಯರು ಕುಸಿಯುವುದು ಹೊಸ ಸಂಗತಿಯೇನಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ವರ್ಗೀಕರಣದ ಪ್ರಕಾರ ಬರ್ನ್ಔಟ್ ಎಂದರೆ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಲಾಗುವುದಿಲ್ಲವೆಂಬ ಭಾವ, ಇವೆಲ್ಲ ಒಟ್ಟಿಗೆ ಇರುವುದು. ಈ ಹುಡುಗಿಯ ಮನಸ್ಸು ಆ ಕೆಲಸದಿಂದ ಒಂದಿಂಚೂ ದೂರ ಸರಿದಿರಲಿಲ್ಲ. ಆಕೆಯನ್ನು ತಿನ್ನುತ್ತಿದ್ದುದು ತಪ್ಪಿತಸ್ಥ ಭಾವ. ಬರ್ನ್ಔಟ್ ಎಂದು ತಿಳಿದು ವಿಶ್ರಾಂತಿ ಹೇಳಿ ಕಳಿಸಿದ್ದರೆ ಇನ್ನಷ್ಟು ಹೊತ್ತು ಅದೇ ಸಾಲನ್ನು ನೆನೆಯುತ್ತ ಮಲಗಿರುತ್ತಿದ್ದಳು.

ಒಂದು ಹಾಳೆಯಲ್ಲಿ ವೃತ್ತ ಬರೆದು, ಆದದ್ದರ ಹೊಣೆಯಲ್ಲಿ ಯಾರ ಪಾಲು ಎಷ್ಟು ಎಂದು ಗೆರೆ ಎಳೆಯಲು ಹೇಳಿದೆ. ಹೆಚ್ಚುಕಡಿಮೆ ಪೂರ್ತಿ ವೃತ್ತವನ್ನು ತನಗೇ ಇಟ್ಟುಕೊಂಡಳು. ಎರಡನೇ ವೃತ್ತದಲ್ಲಿ ತನ್ನ ಪಾಲನ್ನು ಕೊನೆಗೆ ಹಾಕಬೇಕೆಂದು ಷರತ್ತು ಹಾಕಿದೆ. ಪತ್ರವನ್ನು ಹಾಗೆ ರೂಪಿಸಿದವರು ಯಾರು? ಸಾಲು ಸೇರಿಸಿದವರು? ತೆಗೆಯುವುದಿಲ್ಲ ಎಂದವರು? ತರಬೇತಿಯಿಲ್ಲದ ವಿದ್ಯಾರ್ಥಿನಿಯನ್ನು ಒಬ್ಬಳೇ ಕಳಿಸಿದವರು? ಇಂಟರ್ನ್‌ಶಿಪ್ ಹೇಗೆ ನಡೆಯುತ್ತಿದೆಯೆಂದು ಒಮ್ಮೆಯೂ ವಿಚಾರಿಸದ ಕಾಲೇಜು? ಕೊನೆಗೆ ಆಕೆಗೆ ಉಳಿದದ್ದು ತೆಳು ಹೋಳು. "ಇದನ್ನೂ ಅಳಿಸಿಬಿಡ್ಲಾ ಮೇಡಂ?" ಎಂದಳು. ಬೇಡ ಎಂದೆ. ಓದಿ ಹೇಳದೆ ಸಹಿ ಹಾಕಿಸಿದ್ದು, ಎರಡನೇ ಸಲ ಕೇಳದಿದ್ದು, ಹೇಳದೆ ಬಂದದ್ದು ಆಕೆಯವೇ. ಅವುಗಳಿಗೆ ಮಾಡಬಹುದಾದ ಕೆಲಸ ಇನ್ನೂ ಬಾಕಿ ಇತ್ತು.

ಫೋಟೊ ಆಗಲೂ ಜನರ ಕಣ್ಣಮುಂದೆ ಇತ್ತು. ಹಾನಿ ನಡೆಯುತ್ತಲೇ ಇರುವಾಗ ಬರೀ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕೂರುವುದು ನನಗೆ ಸರಿಯೆನಿಸಲಿಲ್ಲ. ಮೊದಲು ತಾಯಿಯನ್ನೇ ಕೇಳು ಎಂದೆ. ಇಡೀ ಕಥೆಯನ್ನೇ ತೆಗೆಸುತ್ತೇನೆಂದು ಆಕೆ ತೀರ್ಮಾನಿಸಿದ್ದಳು. ತಾಯಿ ಹೇಳಿದ್ದೇ ಬೇರೆ: ಚಿಕಿತ್ಸೆಗೆ ದುಡ್ಡು ಬೇಕು, ಕಥೆ ಇರಲಿ, ಮಗನ ಮುಖ ಮತ್ತು ಆ ಸಾಲು ಹೋಗಲಿ. ಇನ್ನೊಮ್ಮೆ ಅವರ ಪರವಾಗಿ ತಾನೇ ನಿರ್ಧರಿಸುವುದು ತಪ್ಪಿತು.

ಸಂಸ್ಥೆಗೆ ಕಳಿಸಿದ ಇ-ಮೇಲನ್ನು ಚಿಕ್ಕದಾಗಿಯೇ ಬರೆಸಿದೆ: "ಮಗುವಿನ ಫೋಟೊ ಮತ್ತು ಕೊನೆಯ ಸಾಲನ್ನು ತೆಗೆಯಬೇಕೆಂದು ತಾಯಿ ಕೇಳಿದ್ದಾರೆ. ಮಗುವಿಗೂ ಅದು ಇಷ್ಟವಿಲ್ಲ. ಸಹಿ ಪಡೆದವಳು ನಾನು. ಒಪ್ಪಿಗೆಯನ್ನು ಹಿಂಪಡೆಯಬಹುದೆಂದು ಆಗ ಅವರಿಗೆ ನಾನು ತಿಳಿಸಿರಲಿಲ್ಲ. ತೆಗೆದ ಬಳಿಕ ತಾಯಿಗೆ ದಯವಿಟ್ಟು ತಿಳಿಸಿ." ಯಾರನ್ನೂ ದೂರುವ ಮಾತಿಲ್ಲ, ತನ್ನ ಪಾಲನ್ನು ಮುಚ್ಚಿಟ್ಟದ್ದೂ ಇಲ್ಲ. ಪ್ರತಿಯನ್ನು ಅಧ್ಯಾಪಕರಿಗೆ ಕಳಿಸಲು ಹೇಳಿದೆ, ಒಬ್ಬಳೇ ಎದುರಿಸಬಾರದೆಂದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿನ ಖಾಸಗಿತನವನ್ನೂ, ತನಗೆ ಸಂಬಂಧಿಸಿದ ವಿಷಯದಲ್ಲಿ ಅದರ ಅಭಿಪ್ರಾಯವನ್ನೂ ಹಕ್ಕೆಂದೇ ಗುರುತಿಸಿದೆ ಎಂಬುದನ್ನು ಆಕೆಗೆ ಓದಿಸಿದೆ. ತಾನು ಕೇಳುತ್ತಿರುವುದು ಔದಾರ್ಯವನ್ನಲ್ಲ ಎಂದು ತಿಳಿದ ಮೇಲೆ ಕಳಿಸುವ ಧೈರ್ಯ ಬಂತು.

ಫೋನಿನ ವಿಷಯದಲ್ಲಿ ಸಿಮ್ ಬದಲಿಸುವ ಯೋಚನೆಯಲ್ಲಿದ್ದಳು. ಬೇಡವೆಂದೆ. ಆ ತಾಯಿಯನ್ನು ಬಿಟ್ಟುಹೋದವರು ಈಗಾಗಲೇ ಬೇಕಾದಷ್ಟಿರಬಹುದು. ಹಾಗಂತ ಎಲ್ಲ ಕರೆಗೂ ಓಗೊಡುವುದೂ ಆಗದು. ಸಂಕಟದಲ್ಲಿರುವವರಿಗೆ ಮಾನಸಿಕ ಪ್ರಥಮ ಚಿಕಿತ್ಸೆ ಕೊಡುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಮತ್ತೆಮತ್ತೆ ತೋರಿಸುವ ಭಾಗವೊಂದಿದೆ: ಹುಸಿ ಭರವಸೆ ಕೊಡಬೇಡಿ; ಹೊರಡುವಾಗ ಹೊರಡುತ್ತಿದ್ದೇನೆಂದು ತಿಳಿಸಿ, ಮುಂದೆ ನೋಡಿಕೊಳ್ಳುವವರಿದ್ದರೆ ಅವರನ್ನು ಪರಿಚಯಿಸಿ. ಅದನ್ನೇ ಮಾಡೋಣ ಎಂದೆ. ಸಂಸ್ಥೆಯಲ್ಲಿ ಆ ಕುಟುಂಬಕ್ಕೆ ಯಾರು ಸಂಪರ್ಕವೆಂದು ಮೊದಲು ತಿಳಿದುಕೊಂಡಳು. ಏನು ಹೇಳಬೇಕೆಂದು ನನ್ನೆದುರೇ ಅಭ್ಯಾಸ ಮಾಡಿದಳು. ಇಂಟರ್ನ್‌ಶಿಪ್ ಮುಗಿದಿದೆ, ಹೇಳದೆ ಹೋದದ್ದಕ್ಕೆ ಕ್ಷಮಿಸಿ, ಇನ್ನು ಮುಂದೆ ಇಂಥವರಿಗೆ ಫೋನ್ ಮಾಡಿ, ದುಡ್ಡು ಕಳಿಸಲು ನನ್ನಿಂದ ಆಗುವುದಿಲ್ಲ. ಎಲ್ಲ ಸರಿಯಾಗಿ ಹೇಳಿ ಕೊನೆಗೆ, ಬಾಯಿ ಅಭ್ಯಾಸ, "ಏನಾದ್ರೂ ಬೇಕಾದ್ರೆ ಫೋನ್ ಮಾಡಿ ಅಕ್ಕ" ಎಂದುಬಿಟ್ಟಳು. ಅಲ್ಲಿ ತಡೆದೆ. ಆ ಒಂದು ವಾಕ್ಯ ಬಿಡುವುದನ್ನು ರೂಢಿಸುವುದಕ್ಕೇ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಕೊಟ್ಟ ಹಣವನ್ನು ವಾಪಸ್ ಕೇಳಬೇಡ, ಆದರೆ ಸಂಸ್ಥೆಗೆ ತಿಳಿಸು ಎಂದೆ. ಆ ಕುಟುಂಬಕ್ಕೆ ಆಸ್ಪತ್ರೆಗೆ ಬರುವ ಖರ್ಚೂ ಭಾರವಾಗಿದೆ ಎಂಬ ಸಂಗತಿ ಒಬ್ಬ ವಿದ್ಯಾರ್ಥಿನಿಯ ಪರ್ಸಿನ ಹಿಂದೆ ಅಡಗಿದ್ದರೆ ಅವರ ನೆರವಿನ ಲೆಕ್ಕಕ್ಕೆ ಬರುವುದೇ ಇಲ್ಲ.

"ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸರಿಹೋಗುತ್ತಾ?" ಎಂದು ಆಕೆ ಒಮ್ಮೆ ಕೇಳಿದ್ದಳು. ಎಷ್ಟೋ ಎಳೆಯ ಸ್ವಯಂಸೇವಕರಿಗೆ ಹಿರಿಯರು ಕೊಡುವ ಸಲಹೆಯೂ ಇದೇ, ನನಗೆ ಒಪ್ಪಿಗೆಯಿಲ್ಲ. ಇನ್ನೊಬ್ಬರ ನೋವಿನಲ್ಲಿ ತಾವೇ ಮುಳುಗುವುದಕ್ಕೂ, ಅವರ ಒಳಿತನ್ನು ಬಯಸಿ ಜೊತೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು ಎಂದು ನರವಿಜ್ಞಾನಿಗಳಾದ ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ಸಂಶೋಧನೆ ಹೇಳುತ್ತದೆ. ಈಕೆಯ ಮನಸ್ಸು ಮೃದುವಾಗಿದ್ದುದರಿಂದಲೇ ಆ ಸಾಲು ಚುಚ್ಚಿತು. ಚಪ್ಪಾಳೆ ತಟ್ಟಿದ ಕೋಣೆಯಲ್ಲಿ ಬೇರೆ ಯಾರಿಗೂ ಅದು ಚುಚ್ಚಿರಲಿಲ್ಲ.

ಸಂಸ್ಥೆ ತಡಮಾಡಿಯಾದರೂ ಫೋಟೊ ಮತ್ತು ಸಾಲನ್ನು ತೆಗೆಯಿತು. ಅಷ್ಟರಲ್ಲಿ ಜನ ಹಂಚಿಕೊಂಡಿದ್ದ ಪ್ರತಿಗಳನ್ನು ಹಿಂದಕ್ಕೆ ತರಲಾಗದು. ಇದನ್ನು ತಾಯಿಗೆ ಮರೆಮಾಚದೆ ಹೇಳಿಸಿದೆ. ಹುಡುಗನ ಪ್ರಶ್ನೆಗೆ ಉತ್ತರಿಸಲು ಅವನ ವೈದ್ಯರೇ ಅವನೊಡನೆ ಕೂತು ಮಾತಾಡಲಿ ಎಂದು ತಾಯಿಯ ಮೂಲಕ ಕೇಳಿಸಲಾಯಿತು. ವಿದ್ಯಾರ್ಥಿನಿಗೆ ನಿದ್ದೆ ಮರಳಿತು. ಫೋನ್ ಹೊಡೆದುಕೊಂಡರೆ ಬೆಚ್ಚುವುದು ಇನ್ನೂ ಪೂರ್ತಿ ನಿಂತಿಲ್ಲ.

ವರದಿಯನ್ನು "ಉತ್ತಮ ಅನುಭವವಾಯಿತು" ಎಂದು ಮುಗಿಸುವ ಬದಲು ಒಪ್ಪಿಗೆ ಪತ್ರದ ಬಗ್ಗೆಯೇ ಬರೆದಳು: ತಾಯಿಯ ಭಾಷೆಯಲ್ಲಿ ಓದಿ ಹೇಳಬೇಕಿತ್ತು, ಯೋಚಿಸಲು ಸಮಯ ಕೊಡಬೇಕಿತ್ತು, ಬೇಡವೆಂದರೂ ನೆರವು ನಿಲ್ಲುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕಿತ್ತು. ವಿದ್ಯಾರ್ಥಿಗಳನ್ನು ಇಂಥ ಕಡೆ ಕಳಿಸುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದೆ. ಹಾಜರಾತಿಯ ಜೊತೆಗೆ, ಈ ವಾರ ಯಾರ ಕಥೆ ಕೇಳಿದೆ, ಸ್ವಂತ ನಂಬರ್ ಯಾರಿಗಾದರೂ ಕೊಟ್ಟಿದ್ದೀಯಾ ಎಂದೂ ವಿಚಾರಿಸಿ. ಈಕೆಯನ್ನು ಯಾರಾದರೂ ಕೇಳಿದ್ದರೆ ಮೊದಲ ಕರೆಯ ಮರುದಿನವೇ ಹೇಳಿಬಿಡುತ್ತಿದ್ದಳು.

ಈಗ ಇನ್ನೊಂದು ದತ್ತಿ ಸಂಸ್ಥೆಗೆ ಅರ್ಜಿ ಹಾಕಿದ್ದಾಳೆ. ಸಂದರ್ಶನದಲ್ಲಿ ತಾನೂ ಕೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದಾಳೆ: ನನ್ನ ಮೇಲ್ವಿಚಾರಕರು ಯಾರು, ಕುಟುಂಬಗಳೊಡನೆ ಮಾತಾಡಲು ಸಂಸ್ಥೆಯ ಫೋನ್ ಕೊಡುತ್ತೀರಾ, ನಾನು ಬರೆದದ್ದನ್ನು ಬದಲಿಸಿದರೆ ಪ್ರಕಟಣೆಗೆ ಮೊದಲು ನನಗೂ ಆ ಕುಟುಂಬಕ್ಕೂ ತೋರಿಸುತ್ತೀರಾ.